ಚಕ್ರ ಹಗುರಾದ ಕಥೆ

ನಮ್ಮಪ್ಪನ ಬಲಭುಜ ಎಡಭುಜಕ್ಕಿಂತ ಒಂದು ಬೆರಳಷ್ಟು ಕೆಳಗಿತ್ತು. ಮೂವತ್ತೈದು ವರ್ಷ ಲಾರಿ ಹೊಡೆದದ್ದರ ಗುರುತು ಅದು. ಗಂಗಾವತಿಯ ಗಿರಣಿಗಳಿಂದ ಅಕ್ಕಿ ಹೇರಿಕೊಂಡು ಊರೂರು ತಿರುಗಿ, ಎರಡು ಮೂರು ದಿನಕ್ಕೊಮ್ಮೆ ತಾವರಗೇರಾದ ಮನೆಗೆ ಬಂದಾಗ ಅವ್ವ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಆ ಭುಜಕ್ಕೆ ತಿಕ್ಕುತ್ತಿದ್ದಳು. ಎಣ್ಣೆಯ ಬಟ್ಟಲು ಹಿಡಿದು ನಿಲ್ಲುವುದು ನನ್ನ ಕೆಲಸ.

ನಾನು ಮೂವತ್ತು ವರ್ಷದಿಂದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತ ಬಂದವಳು. ಪುಸ್ತಕದ ತುಂಬ ರಾಜರು, ಯುದ್ಧಗಳು, ಒಪ್ಪಂದಗಳು. ಅಪ್ಪನ ಭುಜ ಯಾಕೆ ಇಳಿಯಿತು, ನನ್ನ ಭುಜ ಯಾಕೆ ಇಳಿಯಲಿಲ್ಲ ಎಂಬುದಕ್ಕೂ ಒಂದು ಚರಿತ್ರೆ ಇದೆ ಎಂದು ಹೊಳೆದದ್ದು ಬಹಳ ತಡವಾಗಿ.

ನಮ್ಮ ಸೀಮೆ ನಿಜಾಮರದಾಗಿತ್ತು. ಅವರ ರೈಲ್ವೆ ಇಲಾಖೆ 1932ರಲ್ಲಿ ರಸ್ತೆ ಸಾರಿಗೆಗೂ ಕೈ ಹಾಕಿತು. ಆಗ ಇದ್ದದ್ದು 27 ಬಸ್ಸು, 166 ನೌಕರರು. ಬಸ್ಸುಗಳು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ಅಪ್ಪನಿಗೆ ಲಾರಿ ಕಲಿಸಿದ ಉಸ್ತಾದರು ಹುಡುಗನಾಗಿದ್ದಾಗ ಅಂಥದೊಂದು ಬಸ್ಸಿಗೆ ಕ್ಲೀನರ್ ಆಗಿದ್ದರಂತೆ. ತಿರುವಿನಲ್ಲಿ ಡ್ರೈವರು ಸೀಟು ಬಿಟ್ಟು ಅರ್ಧ ಎದ್ದು ನಿಂತು ಸ್ಟೇರಿಂಗಿನ ಮೇಲೆ ಮೈಭಾರ ಹಾಕುತ್ತಿದ್ದ ಎಂದು ಅವರು ಹೇಳುತ್ತಿದ್ದರಂತೆ. ಡ್ರೈವರ್ ಎಂದರೆ ಗರಡಿಯಾಳು ಎಂಬ ಮಾತು ಅಲ್ಲಿಂದ ಹುಟ್ಟಿರಬೇಕು.

ಆ ಭಾರ ಎಲ್ಲಿಂದ ಬರುತ್ತದೆ? ಮುಂದಿನ ಎರಡು ಗಾಲಿಗಳ ಮೇಲೆ ಇಂಜಿನ್ನಿನ ಭಾರ, ಹೇರಿದ ಮಾಲಿನ ಒಂದು ಪಾಲು ಕೂತಿರುತ್ತದೆ. ಗಾಡಿ ನಿಂತಾಗ ಚಕ್ರ ತಿರುವಿದರೆ ಟೈರಿನ ರಬ್ಬರು ನೆಲಕ್ಕೆ ತಿಕ್ಕಿಕೊಂಡೇ ಹೊರಳಬೇಕು. ಬಂಡೆ ಎಬ್ಬಿಸಲು ಉದ್ದನೆಯ ಹಾರೆ ಹಿಡಿಯುವಂತೆ, ಈ ಭಾರಕ್ಕೆಂದೇ ಲಾರಿಗಳಿಗೆ ದೊಡ್ಡ ಸ್ಟೇರಿಂಗು ಇಟ್ಟರು. ಒಳಗೆ ಹಲ್ಲಿನ ಗಾಲಿಗಳನ್ನು ಕೂಡಿಸಿದರು. ಬಲ ಉಳಿಯಿತು, ಸುತ್ತು ಹೆಚ್ಚಾಯಿತು. ಸಣ್ಣ ತಿರುವಿಗೂ ಅಪ್ಪ ಬಾವಿಯಿಂದ ಹಗ್ಗ ಸೇದಿದಂತೆ ಕೈ ಮೇಲೆ ಕೈ ಹಾಕಿ ತಿರುವುತ್ತಿದ್ದರು.

1988ರಲ್ಲಿ ನನಗೆ ಹದಿನೆಂಟು. ಬಿ.ಎ. ಓದುತ್ತಿದ್ದೆ. ಒಂದು ಮಧ್ಯಾಹ್ನ ಮನೆಯ ಮುಂದೆ ಮೂಟೆ ತುಂಬಿದ ಲಾರಿ ನಿಂತಿತ್ತು. ನಾನೂ ಗಾಡಿ ಕಲಿಯುತ್ತೇನೆ ಎಂದೆ. ಅಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ. ಕೈ ಕೊಟ್ಟು ಡ್ರೈವರ್ ಸೀಟಿಗೆ ಹತ್ತಿಸಿದರು.

"ತಿರುವು ನೋಡೂಣು."

ಎರಡೂ ಕೈಯಿಂದ ಜಗ್ಗಿದೆ. ಕಾಲು ಒತ್ತಿ ಜಗ್ಗಿದೆ. ಚಕ್ರ ಅಲುಗಲಿಲ್ಲ. ಓಣಿಯ ಹುಡುಗರು ನಕ್ಕರು.

"ಕಂಡೀಯಿಲ್ಲವಾ, ಇದು ಹೆಣ್ಮಕ್ಕಳ ರಟ್ಟಿ ಕೆಲಸಲ್ಲ. ನಡಿ, ಅಭ್ಯಾಸ ಮಾಡಕೋ" ಎಂದರು.

ಇಳಿದು ಹೋದೆ. ಚಕ್ರವೇ ಆಗದು ಎಂದ ಮೇಲೆ ಯಾರ ಜೊತೆ ವಾದ ಮಾಡುವುದು?

ಈ ಭಾರಕ್ಕೆ ಮದ್ದು ಹುಡುಕಿದವನು ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಇಂಜಿನಿಯರು. ಲಾರಿ ತಯಾರಿಸುವ ಕಂಪನಿಯಲ್ಲಿದ್ದು ಡ್ರೈವರುಗಳ ಪಾಡು ಕಂಡವನು. ಎಣ್ಣೆಯ ಒತ್ತಡದಿಂದ ಚಕ್ರಕ್ಕೆ ಬಲ ಕೊಡುವ ಯಂತ್ರವನ್ನು ಕಟ್ಟಿ 1926ರಲ್ಲಿ ಕಾರಿಗೆ ಜೋಡಿಸಿ ತೋರಿಸಿದ. ದೊಡ್ಡ ಕಂಪನಿಯೊಂದು ಒಪ್ಪಿತು. ಆರ್ಥಿಕ ಕುಸಿತದ ದಿನಗಳಲ್ಲಿ ಖರ್ಚು ಹೆಚ್ಚೆಂದು 1934ರಲ್ಲಿ ಕೈಬಿಟ್ಟಿತು. ಎರಡನೆಯ ಮಹಾಯುದ್ಧದ ಉಕ್ಕಿನ ಕವಚದ ಗಾಡಿಗಳಲ್ಲಿ ಅದು ಉಪಯೋಗಕ್ಕೆ ಬಂತು. ಜನ ಕೊಳ್ಳುವ ಕಾರಿನಲ್ಲಿ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ. ಅದು ಸಿರಿವಂತರ ಕಾರು. ನಮ್ಮ ದೇಶದಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೆ ಇಂಥದ್ದೇನೂ ಇರಲಿಲ್ಲ. ಕಾರೇ ಹಗುರವಾದ್ದರಿಂದ ನಡೆಯಿತು.

ಎಣ್ಣೆಯ ಯಂತ್ರಕ್ಕೆ ಒಂದು ದೋಷವಿತ್ತು. ಅದರ ಪಂಪನ್ನು ಇಂಜಿನ್ನೇ ತಿರುಗಿಸಬೇಕು, ನೆಟ್ಟಗೆ ಹೋಗುವಾಗಲೂ. ಸಣ್ಣ ಇಂಜಿನ್ನಿಗೆ ಅದು ದಂಡದ ಹೊರೆ. ಆಗ ಜಪಾನಿನವರು ಎಣ್ಣೆ ಬಿಟ್ಟು ಕರೆಂಟು ಹಿಡಿದರು. ಸುಜುಕಿಯವರ ಸರ್ವೋ ಎಂಬ ಪುಟ್ಟ ಕಾರಿಗೆ ಕರೆಂಟಿನ ಸ್ಟೇರಿಂಗು ಕೂಡಿಸಿದರು. ಆ ವರ್ಷ 1988. ನಾನು ಲಾರಿಯಿಂದ ಇಳಿದ ವರ್ಷವೇ! ಅದು ನಮ್ಮ ದೇಶದ ಸಣ್ಣ ಕಾರುಗಳಲ್ಲಿ ರೂಢಿಗೆ ಬರಲು ಹೊಸ ಶತಮಾನವೇ ಬರಬೇಕಾಯಿತು.

ಇದರ ಯುಕ್ತಿ ಸರಳ. ಸ್ಟೇರಿಂಗಿನ ಕೆಳಗಿನ ಕಂಬದಲ್ಲಿ ತೆಳ್ಳನೆಯ ಉಕ್ಕಿನ ಸರಳು ಇರುತ್ತದೆ. ನಾವು ಚಕ್ರ ತಿರುವಿದೊಡನೆ ಅದು ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತು ಎಂಬುದನ್ನೂ ಗಾಡಿಯ ವೇಗವನ್ನೂ ಪುಟ್ಟ ಕಂಪ್ಯೂಟರು ಲೆಕ್ಕ ಹಾಕಿ, ಬ್ಯಾಟರಿಯ ಕರೆಂಟಿನಿಂದ ಒಂದು ಮೋಟಾರನ್ನು ತಿರುಗಿಸುತ್ತದೆ. ವೇಗ ಕಡಿಮೆಯಿದ್ದರೆ ಹೆಚ್ಚು ಸಹಾಯ, ವೇಗ ಹೆಚ್ಚಿದರೆ ಕಡಿಮೆ. ನೆಟ್ಟಗೆ ಹೋಗುವಾಗ ಮೋಟಾರಿಗೆ ಹೆಚ್ಚಿನ ಕೆಲಸವಿಲ್ಲ, ಪೆಟ್ರೋಲೂ ತುಸು ಉಳಿಯುತ್ತದೆ.

2015ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ನಾನು ಡ್ರೈವಿಂಗ್ ಕಲಿತು ಹಳೆಯ ಸಣ್ಣ ಕಾರೊಂದನ್ನು ಕೊಂಡೆ. ಅಪ್ಪ ಲಾರಿ ಇಳಿದು ಹದಿನೆಂಟು ವರ್ಷವಾಗಿತ್ತು. ನಮ್ಮ ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದ 1997ರಲ್ಲೇ ಅವರೂ ಇಳಿದಿದ್ದರು. ಬಸ್ ನಿಲ್ದಾಣದ ಹತ್ತಿರದ ಇಕ್ಕಟ್ಟಿನಲ್ಲಿ ನಾನು ಒಂದೇ ಅಂಗೈಯಿಂದ ಚಕ್ರ ತಿರುವಿ ಕಾರು ಹೊರಳಿಸಿದ್ದನ್ನು ನೋಡಿ ಬೆರಗಾದರು. ಮರುದಿನ ತಾವೇ ಸ್ಟೇರಿಂಗು ಹಿಡಿದು ಕೆರೆಯ ಕಡೆಗೊಂದು ಸುತ್ತು ಹೋಗಿ ಬಂದರು. ಮುಖ ಅರಳಿರಲಿಲ್ಲ.

"ಹಗುರ ಐತಿ, ಖರೆ. ಆದರ ಏನೂ ಹೇಳೂದಿಲ್ಲಲ್ಲವಾ. ಮೂಕ ಐತಿ."

ಅವರ ಮಾತು ನನಗೆ ಆಮೇಲೆ ತಿಳಿಯಿತು. ಲಾರಿಯ ಚಕ್ರ ಅವರಿಗೆ ರಸ್ತೆಯ ಸುದ್ದಿ ಹೇಳುತ್ತಿತ್ತು. ಗರಸಿನ ದಾರಿ, ಹಸಿ ಎರೆಮಣ್ಣು, ಗಾಳಿ ಇಳಿದ ಟೈರು, ಎಲ್ಲವೂ ಅಂಗೈಗೆ ಗೊತ್ತಾಗುತ್ತಿತ್ತು. ಈ ಸ್ಟೇರಿಂಗು ಕುಣಿಯ ಪೆಟ್ಟನ್ನೂ ಮೆತ್ತಗೆ ಮಾಡಿಯೇ ಮುಟ್ಟಿಸುತ್ತದೆ. ಓಣಿಯ ತಿರುವು ಮುಗಿದ ಮೇಲೆ ನನ್ನ ಕಾರಿನ ಚಕ್ರ ತಾನಾಗಿ ಪೂರ್ತಿ ನೆಟ್ಟಗಾಗುವುದೂ ಇಲ್ಲ, ಕೈಯಿಂದ ತರಬೇಕು. ಹೊಸಪೇಟೆಯ ದೊಡ್ಡ ರಸ್ತೆಯಲ್ಲಿ ವೇಗ ಏರಿದಾಗ ಅದು ಬಿಗಿಯಾಗುತ್ತದೆ. ಮೋಟಾರು ತನ್ನ ಸಹಾಯ ಹಿಂದೆಗೆದುಕೊಂಡದ್ದರಿಂದ ಬಂದ ಬಿಗಿ ಅದು.

2018ರ ಮಳೆಗಾಲದ ಒಂದು ಸಂಜೆ ಅಪ್ಪನನ್ನು ಕುಷ್ಟಗಿಯ ವೈದ್ಯರಿಗೆ ತೋರಿಸಿಕೊಂಡು ಬರುತ್ತಿದ್ದೆ. ಅರ್ಧ ದಾರಿಯಲ್ಲಿ ಎದುರಿನ ಹಲಗೆಯ ಮೇಲೆ ಹಳದಿ ದೀಪ ಹತ್ತಿತು. ಮರುಕ್ಷಣ ಚಕ್ರ ಕಲ್ಲಾಯಿತು. ತಿರುವು ಎದುರಿಗಿತ್ತು. ನನ್ನ ಕೈ ನಡುಗಿತು. ಬ್ರೇಕ್ ಒತ್ತಿ ಅಲ್ಲೇ ನಿಲ್ಲಿಸುವವಳಿದ್ದೆ.

"ನಿಲ್ಲಸಬ್ಯಾಡ" ಎಂದರು ಅಪ್ಪ, ಬಹಳ ಸಮಾಧಾನದಿಂದ. "ಸಾವಕಾಶ ನಡಸಕೋತ ಹೊಳ್ಳಸು. ನಿಂತು ತಿರುವಿದರ ಭಾರ, ನಡಕೋತ ತಿರುವಿದರ ಹಗುರ."

ಹಾಗೆಯೇ ಮಾಡಿದೆ. ಮೋಟಾರು ಕೈ ಬಿಟ್ಟರೂ ಸ್ಟೇರಿಂಗಿಗೂ ಗಾಲಿಗೂ ಇರುವ ಉಕ್ಕಿನ ಸಂಬಂಧ ಹರಿಯುವುದಿಲ್ಲ. ಟೈರು ಉರುಳುತ್ತಿದ್ದರೆ ನೆಲಕ್ಕೆ ಅಷ್ಟು ತಿಕ್ಕುವುದಿಲ್ಲ. ಅವರು ಪಕ್ಕದಲ್ಲಿ ಕೂತು "ಈಗ, ಈಗ" ಎನ್ನುತ್ತ ಹೋದರು, ನಾನು ಕೈ ಮೇಲೆ ಕೈ ಹಾಕಿ ತಿರುವುತ್ತ ಹೋದೆ. ತಾವರಗೇರಾ ಮುಟ್ಟಿದಾಗ ರಟ್ಟೆ ಸಿಡಿಯುತ್ತಿತ್ತು, ಆದರೆ ಮುಟ್ಟಿದ್ದೆವು. ಮರುದಿನ ಮಿಸ್ತ್ರಿ ಬಂದು ನೋಡಿದ. ಬ್ಯಾಟರಿಯ ತಂತಿ ಸಡಿಲಾಗಿ ತುದಿಯಲ್ಲಿ ಕಿಲುಬು ಹಿಡಿದಿತ್ತು. ತಿಕ್ಕಿ ಬಿಗಿದ, ಚಕ್ರ ಮತ್ತೆ ಹಗುರಾಯಿತು.

ಆದರೆ ಆ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ನಿಂತು ತಿರುವಿದರೆ ಭಾರ! ಹಾಗಾದರೆ ಮೂವತ್ತು ವರ್ಷದ ಹಿಂದೆ ನನ್ನನ್ನು ಹತ್ತಿಸಿದ್ದು ನಿಂತ ಲಾರಿಗೆ, ಅದೂ ಮೂಟೆ ತುಂಬಿದ ಲಾರಿಗೆ. ಬೆಳಿಗ್ಗೆ ಚಹಾ ಕೊಡುವಾಗ ಕೇಳಿಯೇಬಿಟ್ಟೆ. "ಅಪ್ಪಾ, ಅವತ್ತು ಆ ಚಕ್ರ ನೀವಾದರೂ ತಿರುವತಿದ್ರೇನು?"

ಅಪ್ಪ ಬಹಳ ಹೊತ್ತು ಬಟ್ಟಲು ನೋಡುತ್ತ ಕೂತರು.

"ನಿಂತ ಲೋಡ್ ಗಾಡಿ ಯಾರ ತಿರುವತಾರವಾ? ನನ್ನ ಕೈಲೂ ಆಗತಿದ್ದಿಲ್ಲ" ಎಂದರು. ಆಮೇಲೆ ಮೆಲ್ಲಗೆ, "ಬ್ಯಾಡ ಅಂದಿದ್ರ ಯಾಕಂತ ಕೇಳತಿದ್ದಿ. ಭಾರ ಐತಿ ಅಂದ್ರ ನೀನ ಬಿಡತಿ ಅನಕೊಂಡೆ" ಎಂದರು.

ನನಗೆ ಸಿಟ್ಟು ಬರಬೇಕಿತ್ತು. ಅವರು ಎದ್ದು ಹೋಗಿ ಎಣ್ಣೆಯ ಬಟ್ಟಲು ತಂದು ನನ್ನ ಮುಂದಿಟ್ಟಾಗ ಬರಲಿಲ್ಲ.

ತಮಿಳುನಾಡಿನ ವಸಂತಕುಮಾರಿ ಎಂಬುವರು 1993ರಲ್ಲೇ ಸರಕಾರಿ ಬಸ್ಸಿನ ಡ್ರೈವರ್ ಆದರು. ಆಗಿನ ಬಸ್ಸುಗಳ ಚಕ್ರ ಹಗುರವೇನಿರಲಿಲ್ಲ. ಹಾಗಾಗಿ ಕರೆಂಟಿನ ಸ್ಟೇರಿಂಗು ಬಂದದ್ದರಿಂದ ಹೆಂಗಸರಿಗೆ ಗಾಡಿ ಸಿಕ್ಕಿತು ಎಂದು ನಾನು ಬರೆಯಲಾರೆ. ಅದು ನಮ್ಮ ಭುಜಗಳನ್ನು ಉಳಿಸಿತು, ಅದು ಸಣ್ಣ ಉಪಕಾರವಲ್ಲ. ಅದರ ಜೊತೆಗೆ ಒಂದು ನೆಪವನ್ನೂ ಕಿತ್ತುಕೊಂಡಿತು. ಭಾರ ಹೋದ ಮೇಲೆ, ಬೇಡ ಎನ್ನುವವರು ಬೇಡ ಎಂದೇ ಹೇಳಬೇಕಾಗುತ್ತದೆ. ಹೇಳಿದರೆ ಯಾಕೆ ಎಂದು ಕೇಳಬಹುದು.

ಅಪ್ಪ ಈಗಿಲ್ಲ. ಕಾರು ಇದೆ. ಹತ್ತನೆಯ ತರಗತಿ ಮುಗಿಸಿದ ತಮ್ಮನ ಮಗಳು ಮೊನ್ನೆ ಬಾಗಿಲು ತೆಗೆದು ಕೂತು ಚಕ್ರ ಹಿಡಿದಳು. ಇಂಜಿನ್ ಬಂದಾಗಿತ್ತು, ಚಕ್ರ ಅಲುಗಲಿಲ್ಲ. "ಅತ್ತಿ, ಭಾಳ ಭಾರ ಐತಿ" ಎಂದಳು. ಹದಿನೆಂಟು ತುಂಬಲಿ, ಗಾಡಿ ನಡೆಸಿಯೇ ಕಲಿಸುತ್ತೇನೆ ಎಂದೆ.