ಮಾಗಿಯ ಬುತ್ತಿ

ಮಂಜು ಎಂಬ ಒಂದೇ ಮಾತಿನಿಂದ ಕನ್ನಡ ಎರಡು ಸಂಗತಿಗಳನ್ನು ಸಂಬಾಳಿಸಿಕೊಂಡು ಬಂದಿದೆ. ಹಿಮಾಲಯದ ಮೇಲೆ ಬಿದ್ದು ಗಟ್ಟಿಯಾಗುವುದೂ ಮಂಜು, ಹೊಳಲ್ಕೆರೆಯ ಅಡಿಕೆ ತೋಟದ ಮೇಲೆ ನಸುಕಿನಲ್ಲಿ ಕವಿದು ಬಿಸಿಲೇರುವುದರೊಳಗೆ ಕರಗುವುದೂ ಮಂಜು. ಚಿತ್ರದುರ್ಗದ ಸೀಮೆಗೆ ಗೊತ್ತಿರುವುದು ಎರಡನೆಯದು ಮಾತ್ರ. ಆದರೂ ಚಳಿಗಾಲದ ಸಂಸಾರ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮೊದಲನೆಯ ಮಂಜಿನ ಚಿತ್ರವೇ: ಮುಚ್ಚಿದ ಬಾಗಿಲು, ಬೆಂಕಿಯ ಸುತ್ತ ಮನೆಮಂದಿ, ಹೊಸಿಲು ದಾಟಲು ಹಿಂಜರಿಕೆ. ಶಾಲೆಯ ಪುಸ್ತಕದಿಂದಲೋ ಸಿನಿಮಾದಿಂದಲೋ ಬಂದ ಈ ಚಿತ್ರವನ್ನು ಮುಂದಿಟ್ಟುಕೊಂಡು ಬಯಲುಸೀಮೆಯ ಹಳೆಯ ಬದುಕನ್ನು ನೋಡಹೊರಟರೆ ಕಾಣಬೇಕಾದ್ದೇ ಕಾಣುವುದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಮಾಗಿ ಎಂದರೆ ಬಾಗಿಲು ತೆರೆಯುವ ಕಾಲ. ಬುತ್ತಿ ಕಟ್ಟಿಕೊಂಡು, ಗಾಡಿ ಹೂಡಿಕೊಂಡು, ಬೆಳಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮರಳುವ ಸಣ್ಣ ತಿರುಗಾಟಗಳಿಗೆ ಕಾರ್ತಿಕದಿಂದ ಮಾಘದವರೆಗಿನ ದಿನಗಳು ಹೇಳಿ ಮಾಡಿಸಿದಂತಿದ್ದವು. ಹವೆ ಹಿತವಾಗಿರುತ್ತದಲ್ಲ, ಅದಕ್ಕೇ ಎಂದು ಯಾರಾದರೂ ಹೇಳಿಯಾರು. ಅದು ಅರ್ಧ ಉತ್ತರ. ಮಾಗಿಯಲ್ಲಿ ಜನರನ್ನು ಹೊರಗೆ ಕರೆದದ್ದು ಹವೆಗಿಂತ ಹೆಚ್ಚಾಗಿ ಮನೆಯೊಳಗಿದ್ದ ಕಾಳು ಎಂಬುದು ನನ್ನ ವಾದ.

ಮೊದಲು ಹವೆಯ ಲೆಕ್ಕವನ್ನೇ ತೀರಿಸಿಬಿಡೋಣ. ಮೈಸೂರು ಸರ್ಕಾರ 19ನೇ ಶತಮಾನದ ಕೊನೆಯ ದಶಕದಲ್ಲಿ ಹವಾಮಾನ ಅಳೆಯಲು ವೀಕ್ಷಣಾಲಯಗಳನ್ನು ತೆರೆದಾಗ ಆರಿಸಿಕೊಂಡ ಕೆಲವೇ ಊರುಗಳಲ್ಲಿ ಚಿತ್ರದುರ್ಗವೂ ಒಂದು. ಹಾಗಾಗಿ ಇಲ್ಲಿನ ಚಳಿಗೆ ಶತಮಾನ ಮೀರಿದ ಬರಹದ ಸಾಕ್ಷಿಯಿದೆ. ಡಿಸೆಂಬರ್, ಜನವರಿಗಳ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 16–17 ಡಿಗ್ರಿಯ ಆಸುಪಾಸು. ಕೆಲವು ರಾತ್ರಿ ಇನ್ನೂ ಕೆಳಗೆ. ಮಧ್ಯಾಹ್ನ 28 ಡಿಗ್ರಿ. ಕಾಶ್ಮೀರದವರು ಕೇಳಿದರೆ ನಗುವ ಚಳಿ. ಆದರೆ ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಎತ್ತರದ ಬಯಲು, ಅಡ್ಡ ನಿಲ್ಲಲು ಕಾಡಿಲ್ಲದ ನೆಲ, ಜೋಗಿಮಟ್ಟಿ ಬೆಟ್ಟದ ಕಡೆಯಿಂದ ನುಗ್ಗುವ ಗಾಳಿ ಮೂರೂ ಕೂಡಿದರೆ, ಹತ್ತಿಯ ಒಂದೇ ಸೀರೆ, ಒಂದೇ ಪಂಚೆಯಲ್ಲಿ ಬದುಕಿದವರಿಗೆ ಆ ಚಳಿ ನಗುವ ವಿಷಯವಾಗಿರಲಿಲ್ಲ. ‘ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ’ ಎಂದು ದಿನ ಎಣಿಸಿದವರು ಅದನ್ನು ಅನುಭವಿಸಿದವರೇ ಇರಬೇಕು.

ಅವರ ಕೈಯಲ್ಲಿದ್ದ ಆಯುಧ ಕಂಬಳಿ. ಪ್ರವಾಸಿ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಹರಿಹರದಿಂದ ದಾವಣಗೆರೆ, ಚಿತ್ರದುರ್ಗ, ಹಿರಿಯೂರುಗಳ ದಾರಿಯಾಗಿ ಶ್ರೀರಂಗಪಟ್ಟಣಕ್ಕೆ ಮರಳಿದಾಗ ಈ ಭಾಗದ ಕಂಬಳಿ ವ್ಯಾಪಾರವನ್ನು ಗಮನಿಸಿ ಬರೆದಿಟ್ಟಿದ್ದಾನೆ. ಕುರುಬರ ಮನೆಗಳಲ್ಲಿ ಕರಿಕುರಿಯ ಉಣ್ಣೆಯನ್ನು ಹೆಂಗಸರು ನೂತು, ಗುಂಡಿಮಗ್ಗದಲ್ಲಿ ಗಂಡಸರು ನೇಯ್ದು, ಹುಣಸೆಬೀಜದ ಸರಿ ಬಳಿದು ಗಟ್ಟಿ ಮಾಡಿದ ಕಂಬಳಿ ಮಳೆಯಲ್ಲಿ ಕೊಪ್ಪೆ, ರಾತ್ರಿ ಹೊದಿಕೆ, ಕಣದಲ್ಲಿ ಕಾಳು ಸುರಿಯುವ ಹಾಸು, ದೇವರ ಮುಂದೆ ಗದ್ದುಗೆ. ತಿರುಗಾಟ ಹೊರಟರೆ ಗಾಡಿಯ ತಳದಲ್ಲಿ ಹುಲ್ಲು, ಅದರ ಮೇಲೆ ಅದೇ ಕಂಬಳಿ. ಊಟದ ಹೊತ್ತಿಗೆ ಹೊಂಗೆಮರದ ಕೆಳಗೆ ಹಾಸುವುದೂ ಅದನ್ನೇ. ಮನೆಯೊಳಗಿನ ಚಳಿಗಾಲಕ್ಕೂ ಹೊರಗಿನ ಚಳಿಗಾಲಕ್ಕೂ ಬೇರೆ ಬೇರೆ ಸಾಮಾನು ಇರಲಿಲ್ಲ ಎಂಬುದು ಸಣ್ಣ ವಿಷಯವಲ್ಲ. ಹಿಮದ ನಾಡಿನಲ್ಲಿ ಹೊರಗೆ ಹೋಗಲು ಬೂಟು, ಕೋಟು, ಜಾರುಬಂಡಿ ಎಂದು ಒಂದು ದಾಸ್ತಾನೇ ಬೇಕು. ಇಲ್ಲಿ ಹಾಸಿಗೆಯನ್ನು ಸುತ್ತಿ ಹೆಗಲ ಮೇಲೆ ಹಾಕಿಕೊಂಡರೆ ಪ್ರಯಾಣದ ಅರ್ಧ ತಯಾರಿ ಮುಗಿಯಿತು.

ಉಳಿದ ಅರ್ಧ ಬುತ್ತಿಯದು, ನನ್ನ ವಾದ ನಿಂತಿರುವುದೂ ಅದರ ಮೇಲೆ. ಈ ಜಿಲ್ಲೆಗೆ ಹೆಚ್ಚು ಮಳೆ ಸುರಿಯುವುದು ಮುಂಗಾರಿನ ಆರಂಭದಲ್ಲಲ್ಲ, ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ. ಹಾಗಾಗಿ ಕೆರೆಕಟ್ಟೆಗಳಲ್ಲಿ ನೀರು ನಿಂತು ಹಳ್ಳಗಳಲ್ಲಿ ಹರಿವು ಕಾಣುವುದು ಕಾರ್ತಿಕದ ಹೊತ್ತಿಗೆ. ಅದೇ ಹೊತ್ತಿಗೆ ಶೇಂಗಾ ಕಿತ್ತಾಗಿರುತ್ತದೆ, ನವಣೆ, ಸಾಮೆ ಮನೆ ಸೇರಿರುತ್ತವೆ, ರಾಗಿಯ ಕೊಯ್ಲು ನಡೆದಿರುತ್ತದೆ, ಎರೆಹೊಲದಲ್ಲಿ ಕಡಲೆ ಇಬ್ಬನಿ ಕುಡಿದು ಬೆಳೆಯುತ್ತಿರುತ್ತದೆ. (ಆ ಇಬ್ಬನಿಯನ್ನೂ ದಖ್ಖನ್ನಿನ ಜನ ಬಿಟ್ಟಿಲ್ಲ. ರಾತ್ರಿ ಕಡಲೆಗಿಡದ ಮೇಲೆ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿನ ಮದ್ದಿಗೆ ಇಟ್ಟುಕೊಳ್ಳುತ್ತಿದ್ದರು.) ಕಾಳು, ನೀರು, ಎತ್ತು ಮೂರೂ ಒಟ್ಟಿಗೆ ಕೈಗೆ ಸಿಗುವುದು ವರ್ಷದಲ್ಲಿ ಇದೊಂದೇ ಅವಧಿಯಲ್ಲಿ. ಬೇಸಿಗೆಯಲ್ಲಿ ಎತ್ತಿಗೆ ಬಿಡುವುಂಟು, ಹಳ್ಳದಲ್ಲಿ ನೀರಿಲ್ಲ; ಮಳೆಗಾಲದಲ್ಲಿ ನೀರುಂಟು, ಎತ್ತಿನ ಹೆಗಲಿಗೆ ನೊಗ ತಪ್ಪದು, ಕಾಳಿನ ಹಗೇವಿನ ತಳ ಕಾಣುತ್ತಿರುತ್ತದೆ. ಇದಕ್ಕೆ ಒಂದು ಅಡುಗೆಮನೆಯ ಕಾರಣವನ್ನೂ ಸೇರಿಸಬೇಕು. ಮುದ್ದೆ ಬಿಸಿಯಿದ್ದಾಗಲೇ ಚೆನ್ನ, ಅದನ್ನು ಕಟ್ಟಿಕೊಂಡು ಊರೂರು ತಿರುಗಲಾಗದು. ರೊಟ್ಟಿ, ಹುಚ್ಚೆಳ್ಳು ಪುಡಿ, ಶೇಂಗಾ ಚಟ್ನಿ, ಮೊಸರನ್ನ ಬುತ್ತಿಗೆ ಆಗುತ್ತವೆ. ಅದೇ ಮೊಸರನ್ನ ಏಪ್ರಿಲ್‌ನಲ್ಲಿ ಮಧ್ಯಾಹ್ನಕ್ಕೇ ಹುಳಿ ಬರುತ್ತದೆ, ಡಿಸೆಂಬರಿನಲ್ಲಿ ಸಂಜೆಯವರೆಗೂ ಕೆಡದು.

ಕಾಳೇ ಕಾರಣ, ಹವೆಯಲ್ಲ ಎಂಬುದನ್ನು ಪರೀಕ್ಷಿಸಲು ಕಾಳಿಲ್ಲದ ಒಂದು ಚಳಿಗಾಲವನ್ನು ನೋಡಿದರೆ ಸಾಕು. 1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ಧಾತು ವರ್ಷದ ಬರ ಎಂದು ಇಂದಿಗೂ ನೆನೆಯುವ ಆ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಕಳೆದುಕೊಂಡ ಜನಕ್ಕೆ ಲೆಕ್ಕವಿದೆ: 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಖ್ಯೆ 1881ರಲ್ಲಿ 42 ಲಕ್ಷದೊಳಕ್ಕೆ ಇಳಿದಿತ್ತು. ಆ ವರ್ಷವೂ ಮಾಗಿ ಬಂದಿತ್ತು, ಬಿಸಿಲು ಹಿತವಾಗಿಯೇ ಇತ್ತು, ಆಕಾಶ ಎಂದಿಗಿಂತ ತಿಳಿಯಾಗಿತ್ತು. ಜನ ಮನೆ ಬಿಟ್ಟು ಹೊರಟದ್ದೂ ಹೌದು. ಆದರೆ ಅದು ಗುಳೆ, ತಿರುಗಾಟವಲ್ಲ. ಹೊರಟವರಿಗೆ ಸಂಜೆ ಮರಳುವ ಮನೆಯೇ ಇರಲಿಲ್ಲ. ಹವೆಯೊಂದೇ ಕಾರಣವಾಗಿದ್ದರೆ ಆ ಮಾಗಿಗೂ ಮಿಕ್ಕ ಮಾಗಿಗಳಿಗೂ ಇಷ್ಟು ಅಂತರ ಬರಬಾರದಿತ್ತು.

ಸುಗ್ಗಿ ಎಂದರೆ ದುಡಿಮೆಯ ತುತ್ತತುದಿ, ಆಗ ತಿರುಗಾಟಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು ಎಂದು ಒಕ್ಕಲುತನ ಬಲ್ಲವರು ಕೇಳುವುದು ನ್ಯಾಯವೇ. ಉತ್ತರ ರಾಗಿಯ ಸ್ವಭಾವದಲ್ಲಿದೆ. ಕೊಯ್ದ ರಾಗಿಯನ್ನು ಅಂದೇ ಒಕ್ಕಬೇಕಿಲ್ಲ; ಮೆದೆ ಹಾಕಿದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯುತ್ತದೆ. ಕೊಯ್ಲಿಗೂ ಒಕ್ಕಣೆಗೂ ನಡುವಿನ ಆ ಸಂದಿಯೇ ಸಂಸಾರದ ರಜೆ. ಆದರೆ ಮೆದೆಯನ್ನು ರಾತ್ರಿ ಕಾಯಬೇಕು, ಹಸುವಿನ ಹಾಲು ಕರೆಯಬೇಕು, ಕೊಟ್ಟಿಗೆಗೆ ಮೇವು ಹಾಕಬೇಕು; ಹಾಗಾಗಿ ಮಾಗಿಯ ತಿರುಗಾಟ ಸಣ್ಣದಾಗಿಯೇ ಉಳಿಯಿತು. ಮೂರು ದಿನ ಮನೆಗೆ ಬೀಗ ಹಾಕುವ ಮದುವೆ, ದೂರದ ಜಾತ್ರೆಗಳು ಒಕ್ಕಣೆ ಮುಗಿದ ಮೇಲೆ, ಬೇಸಿಗೆಗೆ ಹೋದವು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು ಫಾಲ್ಗುಣದಲ್ಲಿ ಬರುವುದು ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಇಷ್ಟಾದರೂ ಈ ಉತ್ತರ ಎಲ್ಲರಿಗೂ ಸಲ್ಲುವುದಿಲ್ಲ ಎಂದು ಒಪ್ಪಲೇಬೇಕು. ಬುತ್ತಿ ಕಟ್ಟಲು ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ತಟ್ಟಿದವರಿಗೆ ತಿರುಗಾಟ ಎಂದರೆ ಒಲೆಯನ್ನು ಬೇರೆಡೆ ಹೂಡುವುದಷ್ಟೇ ಆಗಿದ್ದಿರಬಹುದು. ಹೊಲವಿಲ್ಲದ ಮನೆಗಳಿಗೆ ಮೆದೆಯೂ ಇಲ್ಲ, ಸಂದಿಯೂ ಇಲ್ಲ; ಮಾಗಿ ಬಂತೆಂದರೆ ಮಕ್ಕಳುಮರಿ ಸಮೇತ ಮಲೆನಾಡಿನ ತೋಟಗಳಿಗೆ ಕಾಫಿ ಕುಯ್ಯಲು ಹೊರಡುವ ಪಾಡು. ಕಾಳಿದ್ದ ಮನೆಗೆ ತಿರುಗಾಟ, ಕಾಳಿಲ್ಲದ ಮನೆಗೆ ಕೂಲಿ ಎನ್ನುವಾಗ ನನ್ನ ವಾದ ಗಟ್ಟಿಯಾಗುತ್ತದೆ ನಿಜ, ಆದರೆ ಹಾಗೆ ಗಟ್ಟಿಯಾಗುವುದು ಸಂತೋಷದ ವಿಷಯವಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ನೀನು ತಿರುಗಾಟ ಎನ್ನುವುದೆಲ್ಲ ದೇವರ ಕಾರ್ಯ, ಅದಕ್ಕೆ ವಿಹಾರದ ಬಣ್ಣ ಬಳಿಯಬೇಡ ಎಂಬುದು. ಹಿರಿಯೂರಿನ ತೇರುಮಲ್ಲೇಶ್ವರನ ರಥ ಮಾಘದಲ್ಲಿ ಎಳೆಯುತ್ತಾರೆ. ಹೊಸದುರ್ಗದ ಕಡೆಯವರು ಹಾಲುರಾಮೇಶ್ವರದ ಗಂಗೆಯ ಕೊಳದ ಮುಂದೆ ಕೈಮುಗಿದು ಪ್ರಸಾದಕ್ಕೆ ಕಾಯುತ್ತಾರೆ. ಹೊಳಲ್ಕೆರೆಯಲ್ಲಿ 1475ರಲ್ಲಿ ನಿಲ್ಲಿಸಿದ ಬಯಲು ಗಣಪತಿಯಿದ್ದಾನೆ. ಇವೆಲ್ಲ ಭಕ್ತಿಯ ತಾಣಗಳೆಂಬುದರಲ್ಲಿ ಅನುಮಾನವಿಲ್ಲ. ಆದರೆ ಹಣ್ಣುಕಾಯಿ ಮಾಡಿಸಲು ಅರ್ಧ ಗಳಿಗೆ ಸಾಕು, ಉಳಿದ ಇಡೀ ದಿನ ಏನಾಯಿತು? ಬಳೆ ತೊಡಿಸಿಕೊಂಡದ್ದು, ಮಂಡಕ್ಕಿ, ಬೆಂಡುಬತ್ತಾಸು ಕೊಂಡದ್ದು, ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು ತವರಿನವರನ್ನು ಕಂಡು ಮಾತಾಡಿದ್ದು ಎಲ್ಲವೂ ಆ ದಿನದ ಲೆಕ್ಕಕ್ಕೇ ಸೇರಬೇಕು. ಭಕ್ತಿ ಇಲ್ಲಿ, ವಿಹಾರ ಅಲ್ಲಿ ಎಂದು ಗೆರೆ ಎಳೆಯುವುದು ಭಾನುವಾರದ ರಜೆ ಬಂದ ಮೇಲಿನ ಅಭ್ಯಾಸ. ಹಳ್ಳಿಯ ಮಾತಿನಲ್ಲಿ ಜಾತ್ರೆಗೆ ಹೋಗಿಬರುವುದು ಎಂದರೆ ಎರಡೂ ಸೇರಿಯೇ ಒಂದು. ಈ ಭಾಗದ ಹೊರಬೀಡು ಎಂಬ ಆಚರಣೆಯನ್ನೇ ನೋಡಿ: ಇಡೀ ಊರು ಬೆಳಗ್ಗೆ ಮನೆಗಳನ್ನು ಬರಿದು ಮಾಡಿ, ಊರಬಾಗಿಲಿಗೆ ಮುಳ್ಳು ಹಾಕಿ, ದನಕರು ಸಮೇತ ಹೊಲಗಳಿಗೆ ಹೋಗಿ, ಅಲ್ಲೇ ಅಟ್ಟುಂಡು, ಹೊತ್ತು ಮುಳುಗಿದ ಮೇಲೆ ಮರಳುತ್ತದೆ. ರೋಗರುಜಿನ ಊರು ಬಿಟ್ಟು ಹೋಗಲಿ ಎಂಬುದು ಅದರ ಉದ್ದೇಶ. ಅದಕ್ಕೆ ಎಲ್ಲೂರಿಗೂ ಒಂದೇ ಕಾಲವೂ ಇಲ್ಲ. ಆದರೆ ಮರದ ಕೊಂಬೆಗೆ ಜೋಕಾಲಿ ಕಟ್ಟಿದ ಮಕ್ಕಳಿಗೆ ಆ ದಿನ ಭಯದ ದಿನವಾಗಿ ನೆನಪುಳಿದಿದ್ದೀತೇ?

ಭಯ ಇರಲಿಲ್ಲವೆಂದು ಇದರರ್ಥವಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ದಶಕಗಳ ಕಾಲ ಮತ್ತೆ ಮತ್ತೆ ಬಂತು, ಅದರ ಅಬ್ಬರ ತಂಪು ತಿಂಗಳುಗಳಲ್ಲೇ ಹೆಚ್ಚು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದೇ ಅಂದಿನ ದೊಡ್ಡ ಮದ್ದು. ಮಾಗಿಯ ಹಿತವಾದ ಬಯಲು ಆ ವರ್ಷಗಳಲ್ಲಿ ಆಶ್ರಯವಾಯಿತು, ಅಲ್ಲಿ ನಡುಗಿದವರಿಗೆ ಕಂಬಳಿ ಸಾಲಲಿಲ್ಲ. ಚಳಿಗಾಲದ ಹೊರಸಂಚಾರದ ಚರಿತ್ರೆ ಬರೆಯುವವರು ಈ ಗುಡಿಸಲುಗಳನ್ನು ದಾಟಿಕೊಂಡು ಜಾತ್ರೆಗೆ ಹೋಗಿಬಿಟ್ಟರೆ ಬರಹ ಚಂದವಾಗುತ್ತದೆ, ಆದರೆ ಸುಳ್ಳಾಗುತ್ತದೆ.

ದೇವರ ಹೆಸರಿನ ಹಂಗಿಲ್ಲದೆ, ನೋಡುವುದಕ್ಕೆಂದೇ ಹೋಗುವ ಜಾಗ ಈ ಸೀಮೆಗೆ ಸಿಕ್ಕಿದ್ದೂ ಅದೇ ಪ್ಲೇಗಿನ ವರ್ಷಗಳಲ್ಲಿ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ಅಣೆಕಟ್ಟು 1907ರಲ್ಲಿ ಮುಗಿಯಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯ ಬಿರುದಿನಿಂದ ಅದು ವಾಣಿವಿಲಾಸ ಸಾಗರವಾಯಿತು. ವರ್ಷಕ್ಕೆ ಐನೂರು ಚಿಲ್ಲರೆ ಮಿಲಿಮೀಟರ್ ಮಳೆಯ ಜನಕ್ಕೆ 130 ಅಡಿ ನಿಲ್ಲಬಲ್ಲ ನೀರು ಎಂದರೆ ಅದೇ ಒಂದು ಕ್ಷೇತ್ರ. ಆದರೂ ಹಳೆಯ ಜಾಡು ತಪ್ಪಲಿಲ್ಲ, ನೀರು ನೋಡಹೋದವರು ಅಲ್ಲಿನ ಕಣಿವೆಮಾರಮ್ಮನಿಗೂ ಕೈಮುಗಿದರು. ಹಿಂಗಾರು ಮುಗಿದು ನೀರು ಏರಿ ನಿಂತಿರುವುದು ಮಾಗಿಯಲ್ಲೇ ಆದ್ದರಿಂದ ಕಾಲವೂ ಬದಲಾಗಲಿಲ್ಲ. ರೈಲಿನ ಕಥೆ ಬೇರೆ. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ 1921ರಲ್ಲಿ ಕವಲು ಮಾರ್ಗ ಬಂದಾಗ ಕೋಟೆ, ಚಂದ್ರವಳ್ಳಿಗಳು ಹೊಳಲ್ಕೆರೆ ಕಡೆಯವರಿಗೆ ಸಮೀಪವಾದವು. ಹೊಸದುರ್ಗಕ್ಕೆ ಮಾತ್ರ ನಿಲ್ದಾಣದ ಹೆಸರಷ್ಟೇ ಸಿಕ್ಕಿತು, ನಿಲ್ದಾಣ ಊರಿಗೆ ದೂರವೇ ಉಳಿಯಿತು. ಗಾಡಿ ಬಿಟ್ಟು ರೈಲು ಹತ್ತಿದವರೂ ಬುತ್ತಿ ಬಿಡಲಿಲ್ಲ.

ಕಾಳಿನ ಹಿಡಿತ ಈಗ ಸಡಿಲವಾಗಿದೆ. ಸಂಬಳ ತಿಂಗಳುತಿಂಗಳಿಗೂ ಬರುತ್ತದೆ, ಅಕ್ಕಿ ನ್ಯಾಯಬೆಲೆ ಅಂಗಡಿಯಲ್ಲಿ ಸಿಗುತ್ತದೆ, ಮೆದೆ ಕಾಯುವ ಮನೆಗಳು ಕಡಿಮೆಯಾಗಿವೆ. ಹಾಗಿದ್ದ ಮೇಲೆ ತಿರುಗಾಟ ವರ್ಷದ ತುಂಬ ಸಮನಾಗಿ ಹರಡಬೇಕಿತ್ತು. ಹರಡಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ವರ್ಷವರ್ಷ ನಾಟಕೋತ್ಸವ ನಡೆಯುವುದು ನವೆಂಬರಿನಲ್ಲಿ. ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಶಾಲು, ಕುಲಾವಿಗಳಲ್ಲಿ ಮನೆಮಂದಿಯೆಲ್ಲ ಕೂರುತ್ತಾರೆ. ಶಾಲಾಮಕ್ಕಳ ಪ್ರವಾಸದ ಬಸ್ಸುಗಳು ಚಿತ್ರದುರ್ಗದ ಕೋಟೆಯ ಬಾಗಿಲಲ್ಲಿ ಸಾಲುಗಟ್ಟುವುದು ಡಿಸೆಂಬರಿನಲ್ಲಿ. ಇದನ್ನು ಮುಂದಿಟ್ಟು, ಕಾಳು ಹೋದರೂ ಕಾಲ ಉಳಿದಿದೆಯಲ್ಲ, ಹವೆಯೇ ಕಾರಣವೆಂದಾಯಿತಲ್ಲ ಎನ್ನುವವರಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಕೊಡಬಲ್ಲೆ, ಎರಡು ಹೆಜ್ಜೆಯಲ್ಲ. ಒಮ್ಮೆ ಕಾಳು ಹಾಕಿಕೊಟ್ಟ ಪಂಚಾಂಗವನ್ನು ಹಬ್ಬ, ಶಾಲೆ, ಉತ್ಸವಗಳು ತಲೆಮಾರುಗಳ ಕಾಲ ಹಿಡಿದುಕೊಂಡು ಬರುತ್ತವೆ. ಎತ್ತು ಮಾರಿದ ಮನೆಯಲ್ಲೂ ಗಾಡಿಯ ನೊಗ ಹಿತ್ತಲಲ್ಲಿ ಒರಗಿರುವಂತೆ. ನೀರೂ ಒಮ್ಮೆ ಆ ಪಂಚಾಂಗಕ್ಕೇ ಹೊಂದಿತು: ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮೂರನೆಯ ಸಲ ಅದು ತುಂಬಿದ್ದು 2025ರ ಜನವರಿಯಲ್ಲಿ, ಸಂಕ್ರಾಂತಿಯ ಆಸುಪಾಸಿಗೆ, ಮಳೆಯ ಜೊತೆಗೆ ಭದ್ರೆಯಿಂದ ಎತ್ತಿ ಹರಿಸಿದ ನೀರೂ ಸೇರಿ. ಅವರೆಕಾಯಿಯ ಸೊಗಡು ಮನೆಮನೆಯಲ್ಲಿ ಇರುವ ದಿನಗಳು ಅವು.