ಮೂರು ಬಾವುಟ, ಒಂದು ಮೆಗಾಫೋನ್

ವೀಕ್ಷಕರೇ, ಚಂಡಮಾರುತ ಅಂದ ಕೂಡಲೇ ನಾವು ಗಾಳಿಯ ವೇಗ ಹೇಳ್ತೀವಿ. ಪರದೆ ಮೇಲೆ ಕೆಂಪು ಅಕ್ಷರ ಓಡುತ್ತೆ. ಆದರೆ 1970ರ ನವೆಂಬರ್ 12ರ ರಾತ್ರಿ ಪೂರ್ವ ಪಾಕಿಸ್ತಾನದ ಭೋಲಾ ದ್ವೀಪದಲ್ಲಿ ಜನರನ್ನು ಕೊಂದಿದ್ದು ಗಾಳಿಗಿಂತ ಹೆಚ್ಚಾಗಿ ನೀರು. ಹುಣ್ಣಿಮೆಯ ಆಸುಪಾಸು, ಸಮುದ್ರಕ್ಕೆ ಉಬ್ಬರದ ಹೊತ್ತು, ಅದರ ಮೇಲೆ ಚಂಡಮಾರುತ ತಳ್ಳಿಕೊಂಡು ಬಂದ ನೀರು. ಸತ್ತವರು ಮೂರು ಲಕ್ಷ ಅಂತಾರೆ, ಐದು ಲಕ್ಷ ಅಂತಾರೆ. ಲೆಕ್ಕ ಕೊಡೋಕೆ ಎಷ್ಟೋ ಮನೆಗಳಲ್ಲಿ ಒಬ್ಬರೂ ಉಳಿದಿರಲಿಲ್ಲ.

ಎಚ್ಚರಿಕೆ ಕೊಟ್ಟಿರಲಿಲ್ವಾ? ಕೊಟ್ಟಿದ್ದರು. ರೇಡಿಯೋದಲ್ಲಿ ಬಂದಿತ್ತು, ಬಹಳಷ್ಟು ಜನ ಕೇಳಿಯೂ ಇದ್ದರು. ಕೇಳಿ ಮಾಡೋದೇನು? ಗುಡ್ಡವಿಲ್ಲ, ಹತ್ತಿ ನಿಲ್ಲೋಕೆ ಗಟ್ಟಿ ಕಟ್ಟಡವಿಲ್ಲ. ಓಡಿ ಅನ್ನೋದು ಸುಲಭ. ಎಲ್ಲಿಗೆ?

ಪರಿಹಾರ ತಲುಪಿದ್ದು ಆಮೆ ನಡಿಗೆಯಲ್ಲಿ. ಯಾಹ್ಯಾ ಖಾನ್ ಸರ್ಕಾರದ ಮೇಲೆ ಬಂಗಾಳಿಗಳ ಸಿಟ್ಟು ಕುದಿಯಿತು. ಡಿಸೆಂಬರ್‌ನಲ್ಲಿ ಚುನಾವಣೆ. ಪೂರ್ವದ 162 ಸಾಮಾನ್ಯ ಸ್ಥಾನಗಳಲ್ಲಿ 160 ಮುಜೀಬರ ಅವಾಮಿ ಲೀಗ್‌ಗೆ! ಬಾಂಗ್ಲಾದೇಶ ಚಂಡಮಾರುತದಿಂದಲೇ ಹುಟ್ಟಿತು ಅನ್ನೋದು ಉತ್ಪ್ರೇಕ್ಷೆ. ಭಾಷೆಯ, ದುಡ್ಡಿನ ಜಗಳ ಮೊದಲೇ ಇತ್ತು. ಆದರೆ ಹೆಣಗಳ ನಡುವೆ ಕೂತವನಿಗೆ ತನ್ನ ಸರ್ಕಾರ ಎಷ್ಟು ದೂರದ್ದು ಅಂತ ಆಗ ಕಣ್ಣಾರೆ ಕಂಡಿತು.

1972ರಲ್ಲಿ ಆ ಹೊಸ ದೇಶದ ಬಳಿ ದುಡ್ಡಿರಲಿಲ್ಲ. ಜನರಿದ್ದರು. ರೆಡ್ ಕ್ರಾಸ್ ಜೊತೆ ಸೇರಿ ಕರಾವಳಿಯ ಹಳ್ಳಿಹಳ್ಳಿಯಲ್ಲೂ ಸ್ವಯಂಸೇವಕರನ್ನು ಕಟ್ಟಿದರು. ಕೈಗೆ ಮೆಗಾಫೋನ್, ಕೈಯಲ್ಲಿ ತಿರುಗಿಸೋ ಸೈರನ್, ಬಾವುಟ. ಮೂರು ಬಾವುಟ ಏರಿದರೆ ಮಹಾ ಅಪಾಯ, ಮನೆ ಬಿಡಿ ಅಂತ ಅರ್ಥ. ಹೇಳೋನು ಢಾಕಾದ ಅಧಿಕಾರಿಯಲ್ಲ, ಪಕ್ಕದ ಬೀದಿಯ ಹುಡುಗ. ದನ ಬಿಟ್ಟು ಬಾ ಅಂದರೆ ಯಾವ ರೈತ ಬರ್ತಾನೆ ಹೇಳಿ? ಅದಕ್ಕೇ ಜಾನುವಾರು ನಿಲ್ಲಿಸೋಕೆ ಎತ್ತರದ ಮಣ್ಣಿನ ದಿಬ್ಬಗಳನ್ನೂ ಹಾಕಿದರು. ‘ಕಿಲ್ಲಾ’ ಅಂತ ಅವುಗಳ ಹೆಸರು.

ಹಾಗಂತ ಎಲ್ಲ ಸರಿಹೋಗಲಿಲ್ಲ. 1991ರ ಏಪ್ರಿಲ್ 29ರಂದು ಮತ್ತೆ 1 ಲಕ್ಷ 38 ಸಾವಿರದಷ್ಟು ಜೀವ ಹೋಯಿತು. ಆಶ್ರಯ ಕಟ್ಟಡಗಳು ಸಾಲಲಿಲ್ಲ. ಸತ್ತವರಲ್ಲಿ ಹೆಂಗಸರು ಗಂಡಸರಿಗಿಂತ ಬಹಳ ಹೆಚ್ಚು. ಪರಗಂಡಸರು ತುಂಬಿರೋ ಕಟ್ಟಡಕ್ಕೆ ಒಬ್ಬಳೇ ಹೋಗೋದು ಹೇಗೆ ಅಂತ ಎಷ್ಟೋ ಜನ ಗಂಡನ ದಾರಿ ಕಾಯುತ್ತಾ ಮನೆಯಲ್ಲೇ ಉಳಿದರು. ಆಮೇಲೆ ಕಟ್ಟಡ ಹೆಚ್ಚಾದವು, ಹೆಂಗಸರಿಗೆ ಬೇರೆ ಕೋಣೆ ಬಂತು.

2007ರಲ್ಲಿ ಸಿಡ್ರ್ ಅಷ್ಟೇ ಭೀಕರವಾಗಿ ಬಂತು. ಸತ್ತವರು ಮೂರೂವರೆ ಸಾವಿರದ ಹತ್ತಿರ. ಅದೂ ಸಣ್ಣ ಸಂಖ್ಯೆಯಲ್ಲ ಬಿಡಿ. ಆದರೆ ಆರೇ ತಿಂಗಳಿಗೆ ಪಕ್ಕದ ಮ್ಯಾನ್ಮಾರ್‌ಗೆ ನರ್ಗಿಸ್ ಅಪ್ಪಳಿಸಿದಾಗ ಸತ್ತವರು, ಕಾಣೆಯಾದವರು ಸೇರಿ 1 ಲಕ್ಷ 38 ಸಾವಿರ. ಭಾರತದ ಹವಾಮಾನ ಇಲಾಖೆ ಮುಂಚೆಯೇ ಎಚ್ಚರಿಸಿತ್ತು. ಅಲ್ಲಿನ ಸೇನಾಡಳಿತಕ್ಕೆ ಸುದ್ದಿ ಮುಟ್ಟಿತ್ತು, ಹಳ್ಳಿಯ ಬಾಗಿಲು ತಟ್ಟೋ ಕೈ ಇರಲಿಲ್ಲ.

2020ರ ಮೇನಲ್ಲಿ, ಕೋವಿಡ್ ನಡುವೆ, ಅಂಫಾನ್ ಬಂತು. ಬಾಂಗ್ಲಾದೇಶ 20 ಲಕ್ಷಕ್ಕೂ ಹೆಚ್ಚು ಜನರನ್ನು ಕರಾವಳಿಯಿಂದ ಎಬ್ಬಿಸಿ ಕರೆದೊಯ್ದಿತು. ಅಲ್ಲಿ ಸತ್ತವರು ಮೂವತ್ತರೊಳಗೆ. ಈಗ ಆ ಸ್ವಯಂಸೇವಕರ ಸಂಖ್ಯೆ 70 ಸಾವಿರ ದಾಟಿದೆ. ಅವರಲ್ಲಿ ಸುಮಾರು ಅರ್ಧದಷ್ಟು ಹೆಂಗಸರು.