ಶೂನ್ಯ ನೆರಳಿನ ದಿನ: ವಡಪಳನಿಯಲ್ಲಿ ಮಕ್ಕಳಿಗೊಂದು ಬೆಳಕಿನ ಪಾಠ

ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಅಡಗುವ ದಿನವೇ ಶೂನ್ಯ ನೆರಳಿನ ದಿನ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಿಗೆ ಇದು ವರ್ಷಕ್ಕೆರಡು ಸಲ ಬರುತ್ತದೆ. ದಿಲ್ಲಿಯ ಮಕ್ಕಳಿಗೆ ಆ ಭಾಗ್ಯವಿಲ್ಲ. ಚೆನ್ನೈನ ವಡಪಳನಿ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಅಲ್ಲಿ ಈ ದಿನ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಬೀಳುತ್ತದೆ. ಬೆಂಗಳೂರಿಗೂ ಹೆಚ್ಚುಕಡಿಮೆ ಅದೇ ತಾರೀಕು. ಬೀದರಿಗೆ ಮೇ ಎರಡನೇ ವಾರ.

ನೆರಳೆಂದರೆ ವಸ್ತುವಿನೊಳಗಿಂದ ಹೊರಬರುವ ಏನೋ ಒಂದು ಎಂದೇ ಎಳೆಯ ಮಕ್ಕಳು ಭಾವಿಸುತ್ತಾರೆ. ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲೇ ಇದನ್ನು ಗುರುತಿಸಿದ್ದ. ಈ ಕಲ್ಪನೆಯನ್ನು ಬಿಡಿಸಲು ಒಂದು ಟಾರ್ಚಿನ ಸೆಲ್ಲು, ಒಂದು ಸೀಮೆಸುಣ್ಣ ಸಾಕು. ಶೂನ್ಯ ನೆರಳಿನ ದಿನ ಬೆಳಿಗ್ಗೆ ಹತ್ತಕ್ಕೆ ತಾರಸಿಯ ಮೇಲೆ ಸೆಲ್ಲನ್ನು ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸಬೇಕು. ಗುರುತುಗಳು ಬುಡದತ್ತ ಸರಿಯುತ್ತ ಬಂದು, ಕೊನೆಗೆ ನೆರಳೇ ಮಾಯ. ಎಲ್ಲಿ ಹೋಯಿತು ಎಂದು ಮಗು ಕೇಳಿದಾಗ ವಿವರಿಸಲು ಹೊರಡುವುದಕ್ಕಿಂತ ಸೆಲ್ಲನ್ನು ಒಂದು ಗೇಣು ಮೇಲೆತ್ತುವುದು ಒಳ್ಳೆಯದು: ಕೆಳಗೆ ನಾಣ್ಯದಂಥ ದುಂಡು ನೆರಳು ಸಿಗುತ್ತದೆ. ನೇರವಾಗಿ ಬರುವ ಬೆಳಕಿಗೆ ಅಡ್ಡ ಬಿದ್ದ ಜಾಗವೇ ನೆರಳು ಎಂಬುದು ಅಲ್ಲಿಗೆ ಕಣ್ಣೆದುರೇ ಇರುತ್ತದೆ. ಇನ್ನೂ ಮೇಲೆತ್ತಿದರೆ ಅಂಚು ಮಸುಕಾಗುತ್ತದೆ, ಏಕೆಂದರೆ ಸೂರ್ಯ ಚುಕ್ಕಿಯಲ್ಲ, ಬಿಲ್ಲೆ. ನೋಡಬೇಕಾದ್ದು ನೆಲವನ್ನು, ಸೂರ್ಯನನ್ನು ಬರಿಗಣ್ಣಿನಿಂದ ಎಂದೂ ನೋಡಕೂಡದು. ಏಪ್ರಿಲ್ ತಿಂಗಳ ಚೆನ್ನೈ ತಾರಸಿಗೆ ಚಪ್ಪಲಿಯೂ ಬೇಕು.

ಏವಿಎಂ, ವಿಜಯ-ವಾಹಿನಿ ಸಿನಿಮಾ ಸ್ಟುಡಿಯೊಗಳಿಂದ ಹೆಸರಾದ ವಡಪಳನಿಯಲ್ಲಿ ನಾಲ್ಕಾರು ದೀಪಗಳಿಂದ ನಾಲ್ಕಾರು ನೆರಳು ಬೀಳುವುದು ಹಳೆಯ ಸಂಗತಿ. ಒಂದೇ ದೀಪದ ಪಾಠಕ್ಕೆ ಸೂರ್ಯನೇ ಸರಿ.

ನೆರಳು ಅಡಗುವುದು ಗಡಿಯಾರದ ಹನ್ನೆರಡಕ್ಕಲ್ಲ. ಏಪ್ರಿಲ್‌ನಲ್ಲಿ ವಡಪಳನಿಗೆ ಆ ಗಳಿಗೆ ಸುಮಾರು 12.07, ಬೆಂಗಳೂರಿಗೆ 12.17, ಮಂಗಳೂರಿಗೆ 12.28. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಊರು ಪಶ್ಚಿಮಕ್ಕೆ ಹೋದಷ್ಟೂ ಕಾಯಬೇಕು. ಚೆನ್ನೈನ ಮಗು ಬೆಂಗಳೂರಿನ ಅಜ್ಜಿಗೆ ಫೋನ್ ಮಾಡಿ ‘ಇಲ್ಲಿ ನೆರಳು ಹೋಯ್ತು’ ಎನ್ನುವ ಹೊತ್ತಿಗೆ, ಅಜ್ಜಿಯ ಅಂಗಳದಲ್ಲಿ ನಿಲ್ಲಿಸಿದ ಮೀಟರು ಉದ್ದದ ಕೋಲಿಗೆ ಪಶ್ಚಿಮದ ಕಡೆ ಇನ್ನೂ 4 ಸೆಂ.ಮೀ.ಗಿಂತ ತುಸು ಹೆಚ್ಚು ನೆರಳಿರುತ್ತದೆ.